ಹಣಿಗೆಯಲ್ಲಿ ಉಳಿದ ಎಳೆ

ಮರುಳಯ್ಯನೆಂಬ ಶಿಷ್ಯ ಮಠದ ಅಜ್ಜನವರ ಮುಂದೆ ಕುಳಿತು ಕೇಳಿದ: "ಅಜ್ಜಾರ, ಬೆಳೆದ ಮಗ ಹೆಂಡತಿ ಕಟಗೊಂಡು ಮತ್ತ ಹೆತ್ತವರ ಮನಿಗೆ ಬಂದು ಕುಂತರ, ಅವನ್ನ ಇಟ್ಟುಕೊಳ್ಳೂದು ಧರ್ಮವೋ, ಕಳಸೂದು ಧರ್ಮವೋ?"

ಕೇಳಿದ ಧಾಟಿ ಶಾಸ್ತ್ರದ್ದು. ಆದರೆ ಅವನ ಕೈಯಲ್ಲಿ ಒಂದು ಕಾಗದವಿತ್ತು. ಅವನ ಅಣ್ಣ ಹೋದ ತಿಂಗಳು ಸಂಸಾರ ಸಮೇತ ತಂದೆಯ ಮನೆಗೆ ಮರಳಿ ಬಂದಿದ್ದ. ಓಣಿಯವರು ಆಡಿಕೊಳ್ಳುತ್ತಾರೆಂಬ ಸುದ್ದಿ ಮಠದವರೆಗೂ ಬಂದಿತ್ತು. ಮರುಳಯ್ಯ ನಾಚಿಕೆಯಿಂದ ಕುದ್ದು, ಅಣ್ಣನನ್ನು ಕಳುಹಿಸಿಬಿಡಿ ಎಂದು ತಂದೆಗೆ ಬರೆದಿದ್ದ. ಕಾಗದವನ್ನು ಇನ್ನೂ ಕಳುಹಿಸಿರಲಿಲ್ಲ. ಅಣ್ಣನನ್ನು ಕಳಿಸುವುದೇ ಧರ್ಮ ಎಂದು ಅಜ್ಜನವರು ಹೇಳಿದರೆ ಆ ದಿನವೇ ಕಳುಹಿಸುವವನಿದ್ದ.

ಅಜ್ಜನವರು ಕಾಗದವನ್ನು ಓದಿದರು, ಮಡಚಿ ಅವನ ಕೈಗೇ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ತಾನು ನೇಯುತ್ತಿದ್ದ, ಇನ್ನೊಂದರಲ್ಲಿ ಮಗ. ಮಗ ಕೈಯಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಮದುವೆಯಾದ ವರ್ಷವೇ ಅವನು, "ಮಗ್ಗದ ಗುಂಡಿಯೊಳಗ ಕಾಲು ಇಳಿಬಿಟ್ಟುಕೊಂಡು ನಿನ್ನ ಹಂಗ ಮುದುಕ ಆಗಾಕ ನನ್ನ ಕೈಲೆ ಆಗೂದಿಲ್ಲ" ಎಂದು ತಂದೆಗೆ ಹೇಳಿಬಿಟ್ಟ. ತಂದೆಯೂ ಸುಮ್ಮನಿರುವ ಕುಳವಲ್ಲ. "ಹೋಗುವವ ಹೋಗು, ಈ ಹೊಸ್ತಿಲ ಮತ್ತ ತುಳೀಬ್ಯಾಡ" ಎಂದ. ಮಾತಿಗೆ ಮಾತು ಬೆಳೆಯಿತು. ಮಗ ಮಗ್ಗದ ಮೇಲೆ ಅರ್ಧ ನೇಯ್ದ ಗಿಳಿಹಸಿರು ಸೀರೆಯನ್ನು ಹಾಗೆಯೇ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ.

ದೂರದ ಹೊಳೆಯ ದಂಡೆಯಲ್ಲಿ, ಜನ ದೋಣಿಗಾಗಿ ಕಾಯುವ ಕಡೆ, ಅವನು ಒಂದು ಖಾನಾವಳಿ ಹಾಕಿದ. ದೋಣಿ ತಡವಾದಷ್ಟೂ ಜನಕ್ಕೆ ಹಸಿವು. ಹತ್ತು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಹೊಳೆಗೆ ಸೇತುವೆ ಬಂತು. ಊರಿಗೆಲ್ಲ ಒಳ್ಳೆಯದಾಯಿತು, ಇವನೊಬ್ಬನನ್ನು ಬಿಟ್ಟು. ಕಾಯುವವರೇ ಇಲ್ಲದ ಮೇಲೆ ಉಣ್ಣುವವರು ಎಲ್ಲಿಂದ? ಒಂದು ದಿನ ತಾನೂ ಹೆಂಡತಿಯೂ ಮಾಡಿದ ಅಡುಗೆಯನ್ನು ತಾವಿಬ್ಬರೇ ಉಂಡು, ಬಾಗಿಲು ಹಾಕಿ, ತಂದೆಯ ಊರಿನ ದಾರಿ ಹಿಡಿದರು.

ಓಣಿಗೆ ಕಾಲಿಟ್ಟಾಗ ಮನೆಮನೆಯಲ್ಲೂ ಲಾಳಿ ಓಡುತ್ತಿತ್ತು. ಒಂದು ಮನೆಯೊಳಗೆ ಲಾಳಿ ನಿಂತಿತು. ಕಿಟಕಿಯಿಂದ ಒಬ್ಬಾಕೆ ಇಣುಕಿ, "ಹಬ್ಬಕ್ಕ ಬಂದಿರೇನಪಾ?" ಎಂದಳು. ಅದು ಯಾವ ಹಬ್ಬವೂ ಇಲ್ಲದ ತಿಂಗಳು. ಅವಳಿಗೂ ಅದು ಗೊತ್ತಿತ್ತು, ಇವನಿಗೂ ಗೊತ್ತಿತ್ತು. ಅವನು "ಹೂಂ" ಎಂದು ತಲೆ ತಗ್ಗಿಸಿ ನಡೆದ.

ಮುಂಬಾಗಿಲಿಗೆ ಹೋಗಲಿಲ್ಲ. ತಂದೆಯ ಮಾತು ನೆನಪಿತ್ತು. ಹಿತ್ತಿಲು ಸುತ್ತಿ, ದನ ಕಟ್ಟುವ ಕಡೆಯಿಂದ ಒಳಗೆ ಬಂದ. ಇದ್ದಷ್ಟು ದಿನ ತಂದೆಯ ಒಂದು ಮಾತನ್ನೂ ಕೇಳದವನು, ಕೇಳಬಾರದ ಆ ಒಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ.

ತಾಯಿ ನೋಡಿದಳು, ಅತ್ತಳು, ರೊಟ್ಟಿ ಬಡಿಯಲು ಕುಳಿತಳು. ತಂದೆ ಮಗ್ಗದಿಂದ ತಲೆ ಎತ್ತಿದ. ಅವನ ಕಣ್ಣಿಗೆ ಪರೆ ಬಂದಿತ್ತು, ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೂ ಏನೂ ಅನ್ನಲಿಲ್ಲ. ಮತ್ತೆ ಲಾಳಿ ಎಸೆದ.

ಮಗ ಅದನ್ನು ಸಿಟ್ಟು ಎಂದುಕೊಂಡ. ನಾಚಿಕೆಪಟ್ಟವನಿಗೆ ಎದುರಿನವರ ಮೌನವೆಲ್ಲ ಬೈಗುಳವಾಗಿಯೇ ಕೇಳಿಸುತ್ತದೆ. ತಾಯಿ ಅವನ ರೊಟ್ಟಿಗೆ ತುಪ್ಪ ಹಾಕಿದರೆ, ನೆಂಟರಿಗೆ ಹಾಕಿದ ಹಾಗೆ ಹಾಕಿದಳು ಎಂದುಕೊಂಡ. ಹಾಕದಿದ್ದರೆ ಏನೆಂದುಕೊಳ್ಳುತ್ತಿದ್ದನೋ. ನಾಲ್ಕು ರೊಟ್ಟಿ ಉಣ್ಣುವವನು ಎರಡಕ್ಕೆ ಕೈ ತೊಳೆದ. ಹತ್ತು ವರ್ಷ ದಾರಿಹೋಕರಿಗೆಲ್ಲ ಉಣಬಡಿಸಿದವನಿಗೆ ತನ್ನ ತಾಯಿಯ ಮುಂದೆ ಎಲೆ ಹಾಕಿ ಕೂರಲು ನಾಚಿಕೆ. ಅಂದೇ ಹೆಂಡತಿಗೆ ಹೇಳಿದ: ಸಂತೆಯ ದಿನದವರೆಗೆ ಮಾತ್ರ. ಅಂದು ಬರುವ ಗಾಡಿಯಲ್ಲಿ ಪಟ್ಟಣಕ್ಕೆ ಹೋಗೋಣ, ಯಾರದಾದರೂ ಮನೆಯಲ್ಲಿ ಅಡುಗೆ ಮಾಡಿಕೊಂಡಿರೋಣ. ಗಾಡಿಯವನಿಗೂ ಹೇಳಿ ಕಳುಹಿಸಿದ.

ಆದರೆ ಆ ಮನೆಯಲ್ಲಿ ತಂದೆಯ ಮೌನಕ್ಕಿಂತ ಹೆಚ್ಚಾಗಿ ಅವನನ್ನು ಸುಡುತ್ತಿದ್ದದ್ದು ಅವನ ಹಳೆಯ ಮಗ್ಗ.

ಅದರಲ್ಲಿ ಆಮೇಲೆ ಯಾರೂ ಹೊಸ ಸೀರೆ ಹೂಡಿರಲಿಲ್ಲ. ಅವನು ಬಿಟ್ಟುಹೋದ ಸೀರೆಯನ್ನು ತಂದೆ ನೇಯ್ದು ಮುಗಿಸಿ ಕೊಯ್ದುಕೊಂಡಿದ್ದ. ಆದರೆ ಹಾಸಿನ, ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿನ, ತುದಿಯ ಎಳೆಗಳು ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ ಮೊಳದುದ್ದ ಹಾಗೆಯೇ ಉಳಿದಿದ್ದವು. ಹಿಡಿ ಹಿಡಿಯಾಗಿ ಗಂಟು ಹಾಕಿದ ಗಿಳಿಹಸಿರು ಎಳೆಗಳು. ಹತ್ತು ವರ್ಷವಾದರೂ ಧೂಳಿರಲಿಲ್ಲ.

ಎಳೆ ಯಾಕೆ ಉಳಿಸುತ್ತಾರೆಂಬುದು ನೇಕಾರರ ಮನೆಯ ಬೆಕ್ಕಿಗೂ ಗೊತ್ತು. ಹಳೆಯ ಎಳೆಯ ತುದಿಗೆ ಹೊಸ ಹಾಸಿನ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದನ್ನು ಕೆಚ್ಚುವುದು ಎನ್ನುತ್ತಾರೆ. ಕೆಚ್ಚಿ ಎಳೆದರೆ ಹೊಸ ಹಾಸು ಹಳೆಯದರ ಬೆನ್ನು ಹಿಡಿದು ಹಣಿಗೆಯೊಳಗೆ ತಾನಾಗಿ ಬರುತ್ತದೆ. ಮಗನಿಗೆ ಇದು ಗೊತ್ತಿರಲಿಲ್ಲವೇ? ತೊಟ್ಟಿಲಿನಿಂದಲೇ ಗೊತ್ತಿತ್ತು. ಆದರೆ ನಾಚಿಕೆ ಹತ್ತಿದವನಿಗೆ ಕಲಿತ ಕಸುಬೂ ಮರೆಯುತ್ತದೆ. ಅವನಿಗೆ ಆ ಎಳೆಗಳಲ್ಲಿ ಕಂಡದ್ದು ಒಂದೇ: ನೋಡು, ನೀನು ಬಿಟ್ಟುಹೋದದ್ದು ಇದು. ಬಂದವರಿಗೆಲ್ಲ ತೋರಿಸಲೆಂದೇ ಅಪ್ಪ ಇದನ್ನು ಹೀಗೆ ಇಟ್ಟಿದ್ದಾನೆ.

ಸಂತೆಗೆ ಎರಡು ದಿನ ಮುಂಚೆ ತಂದೆ ಬೆಳಗ್ಗೆಯೇ ಕೋಲು ಹಿಡಿದು ಎಲ್ಲಿಗೋ ಹೋದ. ಎಲ್ಲಿಗೆ ಎಂದು ಮಗ ಕೇಳಲಿಲ್ಲ, ಅವನೂ ಹೇಳಲಿಲ್ಲ. ತಾಯಿ ನೀರಿಗೆ ಹೋಗಿದ್ದಳು. ಮಗ ಮಗ್ಗದ ಮುಂದೆ ನಿಂತ. ಹೇಗೂ ಹೋಗುವವನು, ಈ ಮಗ್ಗವನ್ನಾದರೂ ಬಿಡಿಸಿ ಹೋಗುತ್ತೇನೆ, ಬೇರೆ ಯಾರಾದರೂ ನೇಯಲಿ ಎಂದುಕೊಂಡ. ಕತ್ತರಿ ತಂದ. ಒಂದೊಂದು ಹಿಡಿಯನ್ನೂ ಕತ್ತರಿಸಿ, ಹಣಿಗೆಯಿಂದ ಎಳೆದು ತೆಗೆದ. ಗುಡಿಸಿ ಒಂದು ಮೂಲೆಗೆ ಹಾಕಿದ. ಬಂದ ಮೇಲೆ ಮೊದಲ ಸಲ ಅವನ ಎದೆ ಹಗುರಾಯಿತು.

ಅಷ್ಟು ಹೊತ್ತಿಗೆ ತಂದೆ ಮರಳಿ ಬಂದ. ಅವನ ಹೆಗಲ ಮೇಲೆ ಗಂಜಿ ಹಾಕಿ ಒಣಗಿಸಿ ಸುತ್ತಿದ ಹೊಸ ಹಾಸು ಇತ್ತು. ಗಿಳಿಹಸಿರು ಬಣ್ಣದ್ದು. ತಂದೆಯ ಸ್ವಂತ ಮಗ್ಗದ ಮೇಲೆ ಆಗಲೇ ಬೇರೆ ಸೀರೆ ನಡೆಯುತ್ತಿತ್ತು. ಈ ಹಾಸು ಯಾವ ಮಗ್ಗಕ್ಕೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮುದುಕ ಹೆಗಲಿನ ಭಾರ ಇಳಿಸದೆ ಮಗನ ಮಗ್ಗದ ಹತ್ತಿರ ಹೋದ. ಕಣ್ಣು ಕಾಣದ್ದಕ್ಕೆ ಕೈಯಿಂದ ತಡವಿದ. ಹಣಿಗೆಯ ಆ ತುದಿಯಿಂದ ಈ ತುದಿಯವರೆಗೆ ಬೆರಳು ಆಡಿಸಿದ. ಎಲ್ಲ ಹಲ್ಲುಗಳೂ ಬರಿದು. ಮತ್ತೊಮ್ಮೆ ಆಡಿಸಿದ.

ಬಾಗಿಲಲ್ಲಿ ನೀರಿನ ಕೊಡ ಹೊತ್ತು ನಿಂತ ತಾಯಿ ಮೂಲೆಯ ಹಸಿರು ಗುಡ್ಡೆಯನ್ನು ನೋಡಿದಳು. "ನಿಮ್ಮ ಕಾಕಾನ ಮಗ ಈ ಮಗ್ಗಾ ಕೇಳಿದಾಗ ನಿಮ್ಮಪ್ಪ ಕೊಡಲಿಲ್ಲ" ಎಂದಳು. "ವಾರಕ್ಕೊಮ್ಮೆ ನನ್ನ ಕೈಲೆ ಧೂಳು ಹೊಡಸತಿದ್ದ." ಕೊಡ ಇಳಿಸಲು ಒಳಗೆ ಹೋದಳು.

ಮಗನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬರುವಾಗ ಇದ್ದ ನಾಚಿಕೆ ಏನೂ ಅಲ್ಲ. ಅದು ಜನರ ಮುಂದಿನ ನಾಚಿಕೆ. ಇದಕ್ಕೆ ನೋಡುವವರೇ ಬೇಕಾಗಿರಲಿಲ್ಲ. ಕತ್ತರಿ ಇನ್ನೂ ಕೈಯಲ್ಲೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಅಪ್ಪಾ, ನನಗ ತಿಳೀಲಿಲ್ಲ" ಎಂದ.

"ನಾನೂ ಹೇಳಲಿಲ್ಲ" ಎಂದ ತಂದೆ. ಹಾಸನ್ನು ಇಳಿಸಿದ. "ಕೆಚ್ಚೂದಾಗಿದ್ದರ ನೀ ಒಬ್ಬನ ಮಾಡತಿದ್ದಿ. ಈಗ ಎಳಿ ಎಳಿ ಪೋಣಿಸಬೇಕು, ಇಬ್ಬರು ಬೇಕು. ಆ ಕಡೆ ಕುಂದರು."

ಎರಡು ಸಾವಿರದ ನಾನೂರು ಎಳೆ. ತಂದೆ ಹಣಿಗೆಯ ಹಿಂದೆ ಕುಳಿತು ಬೆರಳಿನಿಂದಲೇ ಒಂದೊಂದು ಎಳೆ ಬಿಡಿಸಿ ಕೊಡಬೇಕು. ಮಗ ಮುಂದೆ ಕುಳಿತು, ಹಲ್ಲಿನ ಸಂದಿಯಿಂದ ಕೊಕ್ಕೆ ತೂರಿಸಿ ಅದನ್ನು ಎಳೆದುಕೊಳ್ಳಬೇಕು. ತಲೆ ತಗ್ಗಿಸಿ ಮಾಡುವ ಕೆಲಸವಲ್ಲ ಅದು. ಪ್ರತಿ ಎಳೆಗೂ ಮುಖ ಎತ್ತಲೇಬೇಕು. ಎತ್ತಿದರೆ ಎದುರಿಗೆ ಮೊಳದೂರದಲ್ಲಿ ತಂದೆಯ ಮುಖ. ಬಂದ ದಿನದಿಂದ ತಪ್ಪಿಸಿಕೊಂಡು ತಿರುಗಿದ್ದ ಆ ಮುಖವನ್ನು ಅವನು ಒಂದು ಬಾರಿಯಲ್ಲ, ಎಳೆಗೊಂದು ಬಾರಿ ನೋಡಬೇಕಾಯಿತು. ನೂರು ಎಳೆ ಆಗುವ ಹೊತ್ತಿಗೆ ಅವನಿಗೆ ಕಂಡಿತು, ಅದು ಸಿಟ್ಟಿನ ಮುಖವಾಗಿರಲಿಲ್ಲ. ಮಗನನ್ನು ಮನೆಯಿಂದ ಅಟ್ಟಿದ ಮಾತಿಗೆ ಹತ್ತು ವರ್ಷದಿಂದ ನಾಚಿಕೊಂಡಿದ್ದ ಮುದುಕನ ಮುಖ ಅದು.

ಮಧ್ಯಾಹ್ನ ಕೈ ತೊಳೆಯಲೆಂದು ಮಗ ಎದ್ದು ಹಿತ್ತಿಲ ಕಡೆ ತಿರುಗಿದ. ತಂದೆ ಹೆಜ್ಜೆಯ ಸಪ್ಪಳದಿಂದಲೇ ದಿಕ್ಕು ತಿಳಿದು, "ಆ ಬಾಗಲಾ ದನಕ್ಕ" ಎಂದ. ಮಗ ಹಿತ್ತಿಲ ಕಡೆಯಿಂದ ತಿರುಗಿದ. ಆಮೇಲೆ ಮುಂಬಾಗಿಲಿನಿಂದ ಹೊರಗೆ ಹೋಗಿ, ಮುಂಬಾಗಿಲಿನಿಂದಲೇ ಒಳಗೆ ಬಂದ. ಹೊಸ್ತಿಲು ದಾಟುವಾಗ ಅವನ ಕಣ್ಣು ತುಂಬಿತ್ತು. ಅಂದು ನಾಲ್ಕು ರೊಟ್ಟಿ ಉಂಡ.

ಸಂತೆಯ ದಿನ ಗಾಡಿಯವನು ಓಣಿಯಲ್ಲಿ ಗಾಡಿ ನಿಲ್ಲಿಸಿ, "ಬರತೀಯೇನಪಾ?" ಎಂದು ಕೂಗಿದ. ಇನ್ನೂ ಐನೂರು ಎಳೆ ಉಳಿದಿದ್ದವು. ಕೊಕ್ಕೆ ಹಣಿಗೆಯೊಳಗಿತ್ತು. ಮುದುಕನ ಬೆರಳು ಎಳೆಯೊಂದನ್ನು ಹಿಡಿದುಕೊಂಡು ಅಲ್ಲಿಯೇ ನಿಂತಿತ್ತು. ಮಗ ಆ ಎಳೆಯನ್ನು ಕೊಕ್ಕೆಗೆ ಸಿಕ್ಕಿಸಿಕೊಂಡು, ಕುಳಿತಲ್ಲಿಂದಲೇ, "ಕೈಯಾಗ ಎಳಿ ಐತಿ, ನೀ ನಡಿ" ಎಂದ.

ಅಜ್ಜನವರು ಕತೆಯನ್ನು ಇಲ್ಲಿಗೆ ಮುಗಿಸಿದರು.

ಮರುಳಯ್ಯ ಕಾಗದವನ್ನು ಮಡಚಿದ, ಮತ್ತೆ ಮಡಚಿದ. ಅವನ ಕಿವಿ ಕೆಂಪಾಗಿತ್ತು. "ಹಂಗಾದರ ಅಜ್ಜಾರ, ಈ ಕಾಗದ ಹರಿದು ಹಾಕಲೇನು?" ಎಂದ.

"ಯಾಕ ಹರೀತಿ? ನೀನ ತಗೊಂಡು ಹೋಗಿ, ನಿಮ್ಮಣ್ಣನ ಎದುರಿಗೆ ಕುಂತು, ಅವನ ಮುಖ ನೋಡಿಕೋತ ಓದು" ಎಂದರು ಅಜ್ಜನವರು.