ಜಾರಿಬಿದ್ದ ಉಡಿದಾರ

ಸಂಗವ್ವನ ಮೊಮ್ಮಗಳು ನೀಲಳ ಸೊಂಟದಲ್ಲಿ ಕರಿನೂಲಿನ ಉಡಿದಾರವಿತ್ತು. ದೇವರ ಮುಂದಿಟ್ಟು ಕಟ್ಟಿದ್ದೆಂದು ಅದಕ್ಕೆ ಬಲು ಹೆಮ್ಮೆ. ಅಂಗನವಾಡಿಯಲ್ಲಿ ಮಗುವನ್ನು ತೂಗಿದ ದಿನ ಅದು ತಕ್ಕಡಿಗೆ ಹೇಳಿತು: "ಅಣ್ಣಾ, ಒಂದು ವರ್ಷದಿಂದ ನಾನು ಈ ಸೊಂಟ ಬಿಟ್ಟು ಜಾರಿದವಳಲ್ಲ."

"ಸಡಿಲಾದಾಗಲೆಲ್ಲ ಅಜ್ಜಿ ಬಿಗಿದು ಕಟ್ಟಿದ್ದಾಳಲ್ಲ ತಂಗಿ, ಜಾರುವುದೆಲ್ಲಿಂದ?" ಎಂದಿತು ತಕ್ಕಡಿ. "ಮಗು ಕರಗುತ್ತಿದೆ. ನಾನು ಹೇಳಿದರೆ, ಹಾಳು ತಕ್ಕಡಿ ಸುಳ್ಳು ತೋರಿಸುತ್ತದೆ ಅನ್ನುತ್ತಾಳೆ. ನೀನು ಹೇಳಿದರೆ ನಂಬಿಯಾಳು."

ಉಡಿದಾರ ಯೋಚಿಸಿತು. ಜಾರಿ ಬಿದ್ದರೆ ಇಷ್ಟು ದಿನದ ಮರ್ಯಾದೆ ಹೋಗುತ್ತದೆ. ಬೀಳದಿದ್ದರೆ ಮಗುವೇ ಹೋದೀತು. ಅದು ತನ್ನ ಗಂಟನ್ನು ತಾನೇ ಸಡಿಲಿಸಿಕೊಂಡು, ಪಕ್ಕದಲ್ಲೇ ನಿಂತಿದ್ದ ಸಂಗವ್ವನ ಪಾದದ ಮೇಲೆ ಬಿತ್ತು.

ಸಂಗವ್ವ ಬೆಚ್ಚಿ ಮಗುವಿನ ಮೈ ಮುಟ್ಟಿ ನೋಡಿದಳು. ಎಲುಬು ಕೈಗೆ ಸಿಕ್ಕಿತು. ಉಡಿದಾರವನ್ನು ಮತ್ತೆ ಕಟ್ಟಿ ಅಂದೇ ಡಾಕ್ಟರ ಬಳಿಗೆ ಹೋದಳು. ಹೊಟ್ಟೆಹುಳಕ್ಕೆ ಔಷಧಿ ಬಂತು. ತಟ್ಟೆಗೆ ಹೆಸರುಬೇಳೆ, ನುಗ್ಗೆಸೊಪ್ಪು ಬಂದವು, ಲೋಟಕ್ಕೆ ಹಾಲು ಬಂತು.

ಆರು ತಿಂಗಳಿಗೆ ಆ ದಾರ ಮಗುವಿನ ಸೊಂಟಕ್ಕೆ ಸಾಲದಾಯಿತು. ಅಜ್ಜಿ ಹೊಸದನ್ನು ಕಟ್ಟಿ ಹಳೆಯದನ್ನು ದೇವರ ಗೂಡಿನಲ್ಲಿಟ್ಟಳು.

"ಕೆಲಸ ಹೋಯಿತಲ್ಲ ಅಕ್ಕಾ, ಬೇಸರವೇ?" ಎಂದು ಹೊಸ ದಾರ ಕೇಳಿತು.

"ಬೇಸರವೇತಕ್ಕೆ? ನನ್ನ ಅಳತೆ ಮೀರಿ ಬೆಳೆದಿದ್ದಾಳೆ ನಮ್ಮ ನೀಲ. ನಿನ್ನನ್ನೂ ಬೇಗ ಇಲ್ಲಿಗೆ ಕಳಿಸುತ್ತಾಳೆ, ನೋಡುತ್ತಿರು."