ಡಾಂಬರು ಕಾಣದ ಹರಿಗೋಲು

ತುಂಗಭದ್ರೆಯ ದಂಡೆಯ ಒಂದೂರಿನಲ್ಲಿ ಅಂಬಿಗರ ಗೂಳಪ್ಪ ತೀರಿಕೊಂಡ. ಬಿಟ್ಟುಹೋದ ಆಸ್ತಿ ಒಂದೇ ಒಂದು ಹರಿಗೋಲು. ಗಂಡುಮಕ್ಕಳು ಮಾತ್ರ ಇಬ್ಬರು. ದೊಡ್ಡವ ಅಡಿವೆಪ್ಪ, ಸಣ್ಣವ ಯಮನೂರ. ಇಬ್ಬರ ನಡುವೆ ಹುಟ್ಟಿದ ಮಗಳು ಹುಲಿಗೆವ್ವನನ್ನು ಆಚೆ ದಂಡೆಯ ಊರಿಗೆ ಕೊಟ್ಟಿದ್ದರು.

ಹುಟ್ಟುವಾಗ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅನ್ನುತ್ತಾರೆ. ಇವರು ಅಪ್ಪನ ಚಿತೆ ಆರುವವರೆಗೂ ಕಾಯಲಿಲ್ಲ. "ಹರಿಗೋಲು ನಂದು" ಎಂದ ಅಡಿವೆಪ್ಪ. "ಹೆಂಗ ನಿಂದು?" ಎಂದು ಮೈಮೇಲೆ ಬಂದ ಯಮನೂರ. ಹರಿಗೋಲೇನು ರೊಟ್ಟಿಯೇ, ಮುರಿದು ಹಂಚಲಿಕ್ಕೆ? ಊರ ಹಿರಿಯರು ಕೂತು ತೀರ್ಮಾನ ಮಾಡಿದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬನ ಪಾಳಿ, ಮುಂದಿನ ತಿಂಗಳು ಇನ್ನೊಬ್ಬನದು.

ಹುಲಿಗೆವ್ವ ಪಾಲು ಕೇಳಲಿಲ್ಲ. "ನನಗೇನೂ ಬ್ಯಾಡ. ಅಪ್ಪ ಮಾಡ್ತಿದ್ದಂಗ ವರ್ಷಕ್ಕೊಮ್ಮೆ ಅದರ ತಳಕ್ಕ ಡಾಂಬರು ಹಚ್ರಿ, ಸಾಕು" ಎಂದಳು.

"ಕೊಟ್ಟ ಮನಿ ಹೆಣ್ಣುಮಗಳು, ನಿನಗ್ಯಾಕ ಇದರ ಉಸಾಬರಿ?" ಎಂದು ಅಡಿವೆಪ್ಪ ಅವಳ ಬಾಯಿ ಮುಚ್ಚಿಸಿದ.

ಗೂಳಪ್ಪ ಪ್ರತಿ ದೀಪಾವಳಿ ಅಮಾವಾಸ್ಯೆಗೆ ಹರಿಗೋಲು ಮಗುಚಿ, ಎಂಟು ದಿನ ಒಣಗಿಸಿ, ನೀರು ಒಳಬಾರದಂತೆ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಆ ವರ್ಷವೂ ದೀಪಾವಳಿ ಬಂತು. ಆದರೆ ಪಾಳಿ ಬದಲಾಗುವುದೂ ಅಮಾವಾಸ್ಯೆಗೇ ನೋಡಿ! "ನನ್ನ ಪಾಳಿ ಮುಗೀತು, ಅಣ್ಣ ಹಚ್ಚಲಿ" ಎಂದ ಯಮನೂರ. "ಇವತ್ತಿನ ದಿನ ಇನ್ನೂ ಅವಂದು, ಅವನ ಹಚ್ಚಲಿ" ಎಂದ ಅಡಿವೆಪ್ಪ. ಎಂಟು ದಿನ ದುಡಿಮೆ ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಡಾಂಬರು ಯಾರೂ ಹಚ್ಚಲಿಲ್ಲ.

ಮೂರು ತಿಂಗಳಾಯಿತು. ಅಡಿವೆಪ್ಪನ ಪಾಳಿ ಮುಗಿಯಲು ಮೂರು ದಿನ ಇತ್ತು. ಅವತ್ತು ಹೊಳೆ ದಾಟಿಸುವಾಗ ಕಾಲಡಿ ತಣ್ಣಗಾಯಿತು. ಹಾಸಿದ್ದ ಗೋಣಿಚೀಲ ಎತ್ತಿ ನೋಡಿದರೆ ತಳದ ತೂತಿನಲ್ಲಿ ನೀರು ಜಿನುಗುತ್ತಿದೆ. ಅವನ ಬುದ್ಧಿ ಓಡಿದ್ದು ಎಲ್ಲಿಗೆ? 'ಈಗ ರಿಪೇರಿಗೆ ಕೂತರೆ ನನ್ನ ಪಾಳಿ ಹಾಳು. ಮೂರು ದಿನ ತಳ್ಳಿದರೆ ಅವನ ಹಣೆಬರಹ.' ತನ್ನ ಹಳದಿ ರುಮಾಲಿನ ಚೂರು ಹರಿದು ತೂತಿಗೆ ತುರುಕಿದ. ಗೋಣಿಚೀಲ ಮೊದಲಿನಂತೆ ಹಾಸಿದ.

ಅಮಾವಾಸ್ಯೆಗೆ ಹುಟ್ಟು ತಗೊಳ್ಳುತ್ತ ಯಮನೂರ ಕೇಳಿದ, "ಎಲ್ಲಾ ಸರಿ ಐತೇನಣ್ಣ?"

"ಸರಿ ಐತಿ" ಎಂದ ಅಡಿವೆಪ್ಪ.

ಮರುದಿನ ಅಪ್ಪನ ವರ್ಷದ ತಿಥಿ. ಹುಲಿಗೆವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಅಪ್ಪನ ಎಡೆಗೆಂದು ಹೋಳಿಗೆ ಬುಟ್ಟಿ ಹಿಡಿದು ಆಚೆ ದಂಡೆಯಲ್ಲಿ ಹರಿಗೋಲು ಹತ್ತಿದಳು. ಅಡಿವೆಪ್ಪ ಈಚೆ ದಂಡೆಯಲ್ಲಿ ಹಿರಿಯರ ಜೊತೆ ನಿಂತಿದ್ದ. ನಡುಹೊಳೆಗೆ ಬರುವಾಗ ಹರಿಗೋಲು ತಗ್ಗಿದಂತೆ ಕಂಡಿತು. ಕೂಗಿ ಹೇಳಬೇಕು ಅನಿಸಿತು, ಗೋಣಿ ಎತ್ತಿ ತೂತು ಒತ್ತಿ ಹಿಡಿ ಅಂತ. ಕೂಗಿದರೆ ತನಗೆ ಗೊತ್ತಿತ್ತೆಂದು ಹಿರಿಯರ ಮುಂದೆ ಬಯಲಾಗುತ್ತದಲ್ಲ! ನಾಚಿಕೆಗೇಡಿ, ನಾಲಿಗೆ ಕಚ್ಚಿಕೊಂಡು ನಿಂತ.

ಕೊನೆಗೆ "ಯಮನ್ಯಾ! ಹುಲಿಗೀ!" ಎಂದು ಅರಚಿದಾಗ ಹರಿಗೋಲಿನ ತುಂಬ ನೀರಿತ್ತು. ಹುಲಿಗೆವ್ವ ಅಂಬಿಗರ ಮಗಳು, ಅವಳಿಗೆ ಈಜು ಬರುತ್ತಿತ್ತು. ಆದರೆ ಮೊದಲು ಬೆನ್ನಿನ ಕೂಸನ್ನು ಬಿಚ್ಚಿ ತಮ್ಮನ ಕೈಗೆ ಕೊಟ್ಟಳು. ಅಷ್ಟರಲ್ಲಿ ಸೆಳವು ಅವಳನ್ನು ಎಳೆದುಕೊಂಡು ಹೋಯಿತು. ಯಮನೂರ ಕೂಸಿನ ಸಮೇತ ಈಜಿ ದಂಡೆ ಹತ್ತಿದ.

ಸಂಜೆ ಹೆಣ ಸಿಕ್ಕಿತು. ಹರಿಗೋಲೂ ಸಿಕ್ಕಿತು. ಜನ ಅದನ್ನು ದಂಡೆಗೆಳೆದು ನೋಡಿದರು. ತಳದ ಒಂದು ತೂತಿನಲ್ಲಿ ಹಳದಿ ರುಮಾಲಿನ ಚೂರು. ಮೊಳದಾಚೆ ಇನ್ನೊಂದು ತೂತು, ಅದರಲ್ಲಿ ಕೊಳೆತು ಕಪ್ಪಾದ ನೀಲಿ ಲುಂಗಿಯ ಚೂರು. ಅಡಿವೆಪ್ಪ ತಮ್ಮನ ಮುಖ ನೋಡಿದ. ಲುಂಗಿ ಯಮನೂರನದು. ತನ್ನ ಹಿಂದಿನ ಪಾಳಿಯಲ್ಲಿ ಅವನೂ ಹೀಗೇ ತುರುಕಿ, ಅಣ್ಣನ ಪಾಳಿ ಬರಲಿ ಎಂದು ಗೋಣಿಚೀಲ ಮುಚ್ಚಿ ಕೈತೊಳೆದುಕೊಂಡಿದ್ದ.

ಸುದ್ದಿ ತಿಳಿದು ಬಂದಿದ್ದ ಹುಲಿಗೆವ್ವನ ಗಂಡ ಅಳುವ ಕೂಸನ್ನು ಎತ್ತಿಕೊಂಡು ಬಂದು ಇಬ್ಬರ ಮುಂದೆ ನಿಂತ.

"ಹೇಳ್ರಪ್ಪಾ, ಇವತ್ತು ಯಾರ ಪಾಳಿ?"

ವರ್ಷಪೂರ್ತಿ ನಂದು ನಂದು ಎಂದು ಕುತ್ತಿಗೆಪಟ್ಟಿ ಹಿಡಿದವರು ಇಬ್ಬರೂ ಹರಿಗೋಲಿನಿಂದ ಹಿಂದೆ ಸರಿದರು. ಆ ಹರಿಗೋಲನ್ನು ಆಮೇಲೆ ಯಾರೂ ತನ್ನದು ಅನ್ನಲೂ ಇಲ್ಲ. ಅದು ಅಲ್ಲೇ ದಂಡೆಯ ಮೇಲೆ ಗೆದ್ದಲು ಹಿಡಿದು ಹೋಯಿತು.

ನೀತಿ: ಹೆತ್ತವರು ಬಿಟ್ಟುಹೋದದ್ದರ ಲಾಭವನ್ನು ಹಂಚಿಕೊಂಡು, ಅದನ್ನು ಕಾಯುವ ಹೊಣೆಯನ್ನು ಒಬ್ಬರ ತಲೆಗೊಬ್ಬರು ಕಟ್ಟುತ್ತ ಹೋದರೆ, ಮುಳುಗುವುದು ಜಗಳವಾಡಿದವರಲ್ಲ, ಪಾಲನ್ನೂ ಕೇಳದೆ ನಂಬಿ ಕೂತವರು.