ಹೆಪ್ಪು ಕೇಳುವ ಗಿಣಿ

“ಬುದ್ಧೀ, ಕೊಟ್ಟದ್ದು ವಾಪಸು ಬರದಿದ್ದರೆ ಮನಸ್ಸಿಗೆ ಏನು ಹೇಳಬೇಕು?”

ಕೇಳಿದವನು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸದವನು. ಪ್ರತಿ ಭಾನುವಾರ ಮಠಕ್ಕೆ ಬರುವ ಶಿಷ್ಯ. ಗುರುಗಳು ಕಡಲೆಕಾಯಿ ಸುಲಿಯುತ್ತ ಕೂತಿದ್ದರು.

“ಯಾರಿಗೆ ಕೊಟ್ಟೆ?”

“ಗೊತ್ತಿಲ್ಲದವರಿಗೆ, ಬುದ್ಧೀ. ಫೋನಿನಲ್ಲಿ ಒಂದು ಆ್ಯಪ್ ಇದೆ. ಸಾಲ ಬೇಕಾದವರು ಅದರಲ್ಲಿ ಹೆಸರು, ಊರು, ಯಾತಕ್ಕೆ ಬೇಕು ಎಂದು ಹಾಕುತ್ತಾರೆ. ನನ್ನಂಥವರು ಕೂಡಿಟ್ಟದ್ದನ್ನು ಚೂರು ಚೂರು ಮಾಡಿ ತುಂಬಾ ಜನಕ್ಕೆ ಹಂಚುತ್ತೇವೆ. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ.”

“ಎಲ್ಲರೂ ಮುಳುಗಿಸಿದರೋ?”

“ಐವತ್ತು ಜನಕ್ಕೆ ಕೊಟ್ಟಿದ್ದೆ. ನಾಲ್ಕು ಜನ ಕೈ ಎತ್ತಿದರು.” ಶಿಷ್ಯ ಉಸಿರು ತೆಗೆದುಕೊಳ್ಳದೆ ಹೇಳಿದ: “ಹಿರಿಯೂರಿನ ಓಬಳೇಶ, ಟೀ ಗಾಡಿಗೆ. ನಿಪ್ಪಾಣಿಯ ಜಯವಂತ, ಕಾಲಿನ ಆಪರೇಷನ್‌ಗೆ. ಸಿರುಗುಪ್ಪದ ಹುಲಿಗೆಮ್ಮ, ಮಗಳ ಸೀಮಂತಕ್ಕೆ. ಬಂಟ್ವಾಳದ ಲಾರೆನ್ಸ್, ಅವನು ಯಾತಕ್ಕೆ ಎಂದೇ ಬರೆದಿರಲಿಲ್ಲ. ಆದರೂ ಕೊಟ್ಟೆ. ನನ್ನ ಬುದ್ಧಿಗೆ ಮಣ್ಣು ಬಿದ್ದಿತ್ತು, ಬುದ್ಧೀ.”

“ಬಾಯಿಪಾಠ ಚೆನ್ನಾಗಿದೆ,” ಎಂದರು ಗುರುಗಳು.

“ದಿನಾ ಮಲಗುವ ಮುಂಚೆ ಹೇಳಿಕೊಳ್ಳುತ್ತೇನೆ.”

“ನಾನು ಕೊಟ್ಟ ಮಂತ್ರ?”

“ಅದನ್ನು ಶುರು ಮಾಡುವಷ್ಟರಲ್ಲಿ ಇವರು ನಾಲ್ಕು ಜನ ಬಂದುಬಿಡುತ್ತಾರೆ.”

ಗುರುಗಳು ಒಂದು ಕಡಲೆಕಾಯಿ ಒಡೆದರು. ಒಳಗೆ ಬೀಜವಿರಲಿಲ್ಲ. ಸಿಪ್ಪೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಂಡರು.

ಶಿಷ್ಯ ತಲೆ ತಗ್ಗಿಸಿ ಮುಂದುವರಿಸಿದ. “ಇವತ್ತು ಬೆಳಿಗ್ಗೆ ತಂಗಿ ಬಂದಿದ್ದಳು. ಹೊಲಿಗೆ ಮೆಷಿನ್ನಿಗೆ ಸ್ವಲ್ಪ ಕಡಿಮೆ ಬಿದ್ದಿತ್ತಂತೆ. ಕೈಗಡ ಕೇಳಿದಳು. ಹಿಂದೆಯೂ ಕೇಳಿದ್ದಾಳೆ, ಹೇಳಿದ ದಿನಕ್ಕೆ ತಂದಿಟ್ಟಿದ್ದಾಳೆ. ಆದರೆ ಇವತ್ತು ನನ್ನ ಬಾಯಲ್ಲಿ ‘ಎಲ್ಲರೂ ಹೀಗೇ ಕೇಳುವುದು’ ಎಂದು ಬಂದುಬಿಟ್ಟಿತು. ಅವಳು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ನಾಲ್ಕು ಜನರ ದುಡ್ಡು ಹೋದರೆ ಹೋಗಲಿ. ನಾನು ಹೀಗಾದೆನಲ್ಲ, ಇದಕ್ಕೇನು ಮಾಡಲಿ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಬೀದಿಯಲ್ಲಿ ಒಬ್ಬ ಮುದುಕಿಯಿದ್ದಳು. ಅವಳಿಗೆ ಒಂದು ಎಮ್ಮೆ ಇತ್ತು. ಒಂದು ಗಿಣಿ ಇತ್ತು. ಅವಳು ಹಾಕಿದ ಮೊಸರು ಗಟ್ಟಿ ಎಂದರೆ ಗಟ್ಟಿ. ಕುಡಿಕೆ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಆದ್ದರಿಂದ ಬೀದಿಯವರೆಲ್ಲ ಹಾಲಿಗೆ ಹಾಕಲು ಹೆಪ್ಪು ಬೇಕೆಂದರೆ ಅವಳ ಮನೆಗೇ ಹೋಗುತ್ತಿದ್ದರು.

ಹೆಪ್ಪನ್ನು ಎಲ್ಲರೂ ಸುಮ್ಮನೆ ಕೊಡುತ್ತಾರೆ. ಮುದುಕಿ ಸುಮ್ಮನೆ ಕೊಡುವವಳಲ್ಲ. ಇವತ್ತು ಒಂದು ಚಮಚ ಒಯ್ದರೆ ನಾಳೆ ಎರಡು ಚಮಚ ತಂದು ಹಾಕಬೇಕು. ಹೆಪ್ಪಿಗೆ ಬಡ್ಡಿ ಇಟ್ಟ ಮೊದಲ ಹೆಂಗಸು ಅವಳೇ ಇರಬೇಕು. ಜನ ಬೈದುಕೊಂಡರೂ ತಂದು ಹಾಕುತ್ತಿದ್ದರು. ಹಾಗೆ ಬಂದ ಮೊಸರನ್ನೆಲ್ಲ ಕಡೆದು ಬೆಣ್ಣೆ ತೆಗೆದು ಮಾರುತ್ತಿದ್ದಳು. ಅದೇ ಅವಳ ಜೀವನ.

ಮೂರು ಮನೆಯವರು ಮಾತ್ರ ತರಲಿಲ್ಲ. ಬಳೆ ಮಾರುವ ದ್ಯಾವಮ್ಮ. ಬಡಗಿ ಕಾಳಾಚಾರಿ. ಕಲ್ಲು ಒಡೆಯುವವನ ಹೆಂಡತಿ ಚೆನ್ನಾಜಮ್ಮ.

ದ್ಯಾವಮ್ಮ ಹೆಪ್ಪು ಇಸಕೊಂಡ ವಾರಕ್ಕೆ ಊರನ್ನೇ ಬಿಟ್ಟಳು. ಮುದುಕಿಯ ಕುಡಿಕೆಯೂ ಅವಳ ಜೊತೆಗೇ ಹೋಯಿತು. ಕಾಳಾಚಾರಿ ಹೆಪ್ಪನ್ನು ಹಾಲಿಗೆ ಹಾಕಲೇ ಇಲ್ಲ, ದಾರಿಯಲ್ಲೇ ನೆಕ್ಕಿಬಿಟ್ಟ. ಚೆನ್ನಾಜಮ್ಮ ಯಾಕೆ ತರಲಿಲ್ಲವೋ ಯಾರಿಗೂ ತಿಳಿಯದು.

ಮುದುಕಿ ದಿನಾ ಬೆಳಿಗ್ಗೆ ಮೊಸರು ಕಡೆಯಲು ಕೂರುತ್ತಿದ್ದಳು. ಕಡಗೋಲು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುವಾಗ ಬಾಯಿಯೂ ತಿರುಗುತ್ತಿತ್ತು. “ದ್ಯಾವಮ್ಮ, ಹೆಪ್ಪು. ಕಾಳಾಚಾರಿ, ಹೆಪ್ಪು. ಚೆನ್ನಾಜಮ್ಮ, ಹೆಪ್ಪು.” ಬೆಣ್ಣೆ ಬರುವ ತನಕ ಇದೇ ಹಾಡು.

ಒಂದು ದಿನ ಜಗಲಿಯಲ್ಲಿ ತೂಗುಹಾಕಿದ್ದ ಪಂಜರದಿಂದ ಗಿಣಿ ತಾನಾಗಿಯೇ ಕೂಗಿತು. “ಚೆನ್ನಾಜಮ್ಮಾ! ಹೆಪ್ಪು!”

ಬೀದಿಯೆಲ್ಲ ನಕ್ಕಿತು. ಮುದುಕಿ ಗಿಣಿಗೆ ಒಂದು ಹಸಿಮೆಣಸಿನಕಾಯಿ ಕೊಟ್ಟಳು. ಗಿಣಿಗೆ ಲೆಕ್ಕ ತಿಳಿಯಿತು. ಹೆಸರು ಕೂಗಿದರೆ ಮೆಣಸಿನಕಾಯಿ. ಆಮೇಲೆ ಅದು ಬಾಯಿ ಮುಚ್ಚಲಿಲ್ಲ. ಕಾಳಾಚಾರಿ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗತೊಡಗಿದ. ಚೆನ್ನಾಜಮ್ಮ ಸೆರಗು ಮುಖಕ್ಕೆ ಎಳೆದುಕೊಂಡು ಓಡುತ್ತಿದ್ದಳು. ಗಿಣಿಗೆ ಸೆರಗಿನ ಮೇಲಿಂದಲೂ ಗುರುತು ಸಿಗುತ್ತಿತ್ತು.

ಆದರೆ ಮೆಣಸಿನಕಾಯಿ ಖರ್ಚಾಯಿತೇ ಹೊರತು ಹೆಪ್ಪು ಬರಲಿಲ್ಲ. ಸಾಲ ಕೊಟ್ಟವರಿಗೆ ಎಷ್ಟು ಬಂದರೂ ಸಾಲದು. ಮುದುಕಿ ಒಂದು ದಿನ ಬೇಸತ್ತು ಬಾಗಿಲಲ್ಲಿ ನಿಂತು ಹೇಳಿದಳು: “ಇನ್ನು ಯಾರಿಗೂ ಇಲ್ಲ. ಹೋಗಿ.”

ಎರಡು ಚಮಚ ತಪ್ಪದೆ ತಂದವರೂ ಅವತ್ತು ಬಾಗಿಲಲ್ಲಿ ಇದ್ದರು. ಅವರೂ ಖಾಲಿ ಬಟ್ಟಲು ಹಿಡಿದು ಹೋದರು. ಆಮೇಲೆ ಯಾರೂ ಬರಲಿಲ್ಲ. ಸಂತೆಯ ದಿನ ಬೆಣ್ಣೆಯವನು ಬರುತ್ತಿದ್ದ, ಅಷ್ಟೆ. ಉಳಿದ ದಿನ ಆ ಮನೆಯಲ್ಲಿ ಮಾತಾಡುವುದು ಗಿಣಿ ಒಂದೇ. ಅದಕ್ಕೆ ಬರುತ್ತಿದ್ದುದು ಮೂರೇ ಹೆಸರು.

ಒಂದು ಬೆಳಿಗ್ಗೆ ಮುದುಕಿ ಹಿತ್ತಲಿನ ಕೊಟ್ಟಿಗೆಯಲ್ಲಿ ಜಾರಿಬಿದ್ದಳು. ತೊಡೆಯ ಮೂಳೆ ಮುರಿಯಿತು. ಏಳಲು ಆಗಲಿಲ್ಲ. ಕೂಗಿದಳು, ಅವಳ ಕೂಗು ಎಮ್ಮೆಯನ್ನು ದಾಟಿ ಹೋಗಲಿಲ್ಲ. ಕೂಗೋಣವೆಂದರೂ ಯಾರ ಹೆಸರನ್ನು ಕೂಗುವುದು? ನೆನಪಿಗೆ ಬಂದವು ಮೂರೇ. ಆ ಮೂವರನ್ನು ಕೂಗಲು ಮನಸ್ಸು ಬರಲಿಲ್ಲ.

ಹೊತ್ತು ಏರಿತು. ಹಾಲು ಕರೆಯುವವರಿಲ್ಲದೆ ಎಮ್ಮೆ ಅರಚಿತು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ, “ಎಮ್ಮೆಗೂ ಯಾರೋ ಬಾಕಿ ಇಟ್ಟಿದ್ದಾರೆ ಅಂತ ಕಾಣುತ್ತೆ,” ಎಂದು ನಗಾಡಿಕೊಂಡು ಹೋದ.

ಜಗಲಿಯಲ್ಲಿ ಗಿಣಿಗೆ ಹಸಿವಾಯಿತು. ಹಸಿವಾದರೆ ಏನು ಮಾಡಬೇಕೆಂದು ಅದಕ್ಕೆ ಗೊತ್ತಿತ್ತು. “ದ್ಯಾವಮ್ಮಾ! ಹೆಪ್ಪು! ಕಾಳಾಚಾರೀ! ಹೆಪ್ಪು! ಚೆನ್ನಾಜಮ್ಮಾ! ಹೆಪ್ಪು!” ಮೆಣಸಿನಕಾಯಿ ಬರಲಿಲ್ಲ. ಇನ್ನೂ ಜೋರಾಗಿ ಕೂಗಿತು.

ಸರಿಯಾಗಿ ತೀರಿಸಿದವರು ಆ ಬಾಗಿಲ ಮುಂದೆ ಎಷ್ಟೋ ಸಲ ಹಾದುಹೋದರು. ಯಾರೂ ತಿರುಗಿ ನೋಡಲಿಲ್ಲ. ಅವರ ಹೆಸರನ್ನು ಯಾರೂ ಕೂಗಿರಲಿಲ್ಲವಲ್ಲ. ದ್ಯಾವಮ್ಮ ಊರಲ್ಲೇ ಇರಲಿಲ್ಲ. ಕಾಳಾಚಾರಿ ಕಿವಿಗೆ ಹತ್ತಿ ತುರುಕಿಕೊಂಡು ಗರಗಸ ಎಳೆಯುತ್ತ ಕೂತ.

ದೀಪ ಹಚ್ಚುವ ಹೊತ್ತಿಗೆ ಚೆನ್ನಾಜಮ್ಮನಿಗೆ ತಡೆಯಲಾಗಲಿಲ್ಲ. ಊಟಕ್ಕೆ ಕೂತ ಮಕ್ಕಳ ಮುಂದಿನಿಂದ ಮೊಸರಿನ ಕುಡಿಕೆ ಕಿತ್ತುಕೊಂಡು ದಾಪುಗಾಲು ಹಾಕುತ್ತ ಬಂದಳು. ಕರುಣೆಯಿಂದ ಬಂದವಳಲ್ಲ. ಕುಡಿಕೆಯನ್ನು ಮುದುಕಿಯ ತಲೆಯ ಮೇಲೆ ಸುರಿಯಬೇಕೆಂದೇ ಬಂದವಳು.

“ಎಲ್ಲಿದ್ದೀಯಾ ಅಜ್ಜಿ, ಹೊರಗೆ ಬಾ! ತಗೋ ನಿನ್ನ ಹೆಪ್ಪು! ನಿನಗೂ ಆಯ್ತು, ನಿನ್ನ ಗಿಣಿಗೂ ಆಯ್ತು!”

ಉತ್ತರ ಬರಲಿಲ್ಲ. ಒಳಗೆ ಹೋದಳು. ಹಿತ್ತಲಿಗೆ ಹೋದಳು. ಮುದುಕಿ ಗಂಜಲದಲ್ಲಿ ಒದ್ದೆಯಾಗಿ ಬಿದ್ದಿದ್ದಳು. ಎಮ್ಮೆ ಅವಳನ್ನು ತುಳಿಯದಂತೆ ಒಂದು ಪಕ್ಕಕ್ಕೆ ಸರಿದು ನಿಂತಿತ್ತು.

ಚೆನ್ನಾಜಮ್ಮ ಬೈಗುಳವನ್ನು ಅರ್ಧಕ್ಕೇ ನುಂಗಿದಳು. ಕೂತಳು. ಮುದುಕಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಮುಖ ಒರೆಸಿದಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ತಿಳಿದು ಕುಡಿಕೆಯನ್ನು ಬಾಯಿಗೆ ಹಿಡಿದಳು.

ಮುದುಕಿ ಆ ಸ್ಥಿತಿಯಲ್ಲೂ ಮುದುಕಿಯೇ. “ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದು ಕಣೇ,” ಎಂದಳು.

“ಕೊಡಬಾರದು ಅಜ್ಜಿ. ತೀರಿಸಬಹುದು. ಬಾಯಿ ತೆಗಿ.”

ಮುದುಕಿ ಒಂದು ಗುಟುಕು ಕುಡಿದಳು. ನಾಲಿಗೆಯ ಮೇಲೆ ಆಡಿಸಿದಳು. ಕಣ್ಣು ತೆರೆದಳು.

“ಇದು ನನ್ನ ಮೊಸರು.”

“ನಿನ್ನದೇ. ಅವತ್ತು ಕೊಟ್ಟಿಯಲ್ಲ ಒಂದು ಚಮಚ, ಅದೇ. ದಿನಾ ಕುಡಿಕೆಯ ಅಂಚಿಗೆ ಅಂಟಿದ್ದರಲ್ಲೇ ಮಾರನೆಯ ದಿನಕ್ಕೆ ಹೆಪ್ಪು ಹಾಕುತ್ತೀನಿ. ಇವತ್ತಿನವರೆಗೂ ಸಾಯೋಕೆ ಬಿಟ್ಟಿಲ್ಲ.”

“ಹಾಗಾದ್ರೆ ಎರಡು ಚಮಚ ತಂದು ಹಾಕೋಕೆ ಏನಾಗಿತ್ತು ನಿನಗೆ?”

“ನಮ್ಮ ಮಕ್ಕಳು ಕುಡಿಕೆಯಲ್ಲಿ ಎರಡು ಚಮಚ ಉಳಿಸಿದ ದಿನ ಯಾವುದು ಅಜ್ಜಿ? ಒಂದು ಸಲ ಮುಚ್ಚಿಟ್ಟುಕೊಂಡು ಹೊರಟಿದ್ದೆ. ಅರ್ಧ ದಾರಿ ಬಂದಿದ್ದೆ. ಅಷ್ಟರಲ್ಲಿ ನಿನ್ನ ಗಿಣಿ ಕೂಗಿತು. ಬೀದಿಯವರೆಲ್ಲ ನಕ್ಕರು. ಬರೋಕೆ ಮುಖ ಎಲ್ಲಿತ್ತು, ವಾಪಸು ಹೋದೆ.”

ಮುದುಕಿ ಉಳಿದ ಮೊಸರನ್ನು ಕುಡಿದಳು.

ಚೆನ್ನಾಜಮ್ಮ ಕೂಗಿ ಬೀದಿಯವರನ್ನು ಸೇರಿಸಿದಳು. ಎತ್ತಿ ತಂದು ಜಗಲಿಯಲ್ಲಿ ಮಲಗಿಸಿದರು. ನಾಟಿ ವೈದ್ಯ ಬಂದು ಕಟ್ಟು ಕಟ್ಟಿದ. ಒಬ್ಬಳು ಹಾಲು ಕರೆದಳು, ಒಬ್ಬಳು ಗಂಜಿ ತಂದಳು. ಮುದುಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಅವಳ ಮನೆಗೆ ಎಷ್ಟೋ ಸಲ ಬಂದವರು. ಒಬ್ಬರ ಹೆಸರೂ ಬಾಯಿಗೆ ಬರಲಿಲ್ಲ.

“ಏ ಇವಳೇ, ನಿನ್ನ ಹೆಸರೇನೇ?” ಎಂದು ಗಂಜಿ ತಂದವಳನ್ನು ಕೇಳಿದಳು.

“ತುಂಗಮ್ಮ, ಅಜ್ಜಿ. ಮರೆತೆಯಾ? ನಾನು ಯಾವತ್ತೂ ಮಾರನೆಯ ದಿನವೇ ತಂದುಕೊಡುತ್ತಿದ್ದೆನಲ್ಲ.”

“ಅದಕ್ಕೇ ಮರೆತೆ ಕಣವ್ವ,” ಎಂದಳು ಮುದುಕಿ. ಅವಳ ಕಣ್ಣಲ್ಲಿ ನೀರು ಬಂತು. ಕಾಲಿನ ನೋವಿಗಿರಬೇಕು ಎಂದುಕೊಂಡಳು ತುಂಗಮ್ಮ.

ಕಾಲು ಕೂಡುವ ತನಕ ಮುದುಕಿಗೆ ಜಗಲಿಯೇ ಗತಿ. ಕೆಲಸವಿಲ್ಲದೆ ಕೂತು ಗಿಣಿಗೆ ಪಾಠ ಶುರು ಮಾಡಿದಳು. ಮುದಿ ಗಿಣಿ, ಹೊಸ ವಿದ್ಯೆ ಸುಲಭಕ್ಕೆ ಹತ್ತಲಿಲ್ಲ. ಇಬ್ಬರೂ ಜಗಳವಾಡಿದರು. ಬುಟ್ಟಿ ಮೆಣಸಿನಕಾಯಿ ಖರ್ಚಾಯಿತು. ಕೊನೆಗೆ ಒಂದು ಬೆಳಿಗ್ಗೆ, ತುಂಗಮ್ಮ ನೀರಿಗೆ ಹೋಗುವಾಗ, ಗಿಣಿ ಬಾಯಿ ಬಿಟ್ಟಿತು.

“ತುಂಗಮ್ಮಾ! ಹೆಪ್ಪು!”

ಹೆಸರು ಕಲಿತಿತ್ತು, ಹಳೆಯ ಬಾಲವನ್ನು ಬಿಟ್ಟಿರಲಿಲ್ಲ. ತುಂಗಮ್ಮ ಕೊಡವನ್ನು ಧೊಪ್ಪೆಂದು ಕೆಳಗಿಟ್ಟಳು. “ಇದೇನಜ್ಜಿ ಅನ್ಯಾಯ! ನಾನು ಯಾವ ಬಾಕಿ ಇಟ್ಟಿದ್ದೀನಿ?”

ಮುದುಕಿ ನಕ್ಕಳು. ನಕ್ಕರೆ ತೊಡೆ ನೋಯುತ್ತಿತ್ತು, ಆದರೂ ನಕ್ಕಳು. “ಕೊಡು ಅಂತ ಅಲ್ಲ ಕಣೇ. ಬಟ್ಟಲು ತಂದು ತಗೊಂಡು ಹೋಗು ಅಂತ.”

ಅವತ್ತಿನಿಂದ ಬೀದಿಯವರು ಮತ್ತೆ ಬಟ್ಟಲು ಹಿಡಿದು ಬಂದರು. ಇವತ್ತು ಒಂದು, ನಾಳೆ ಎರಡು. ನಿಯಮವನ್ನು ಮುದುಕಿ ಬಿಡಲಿಲ್ಲ, ಅವಳೂ ಬದುಕಬೇಕಲ್ಲ. ಒಂದನ್ನು ಮಾತ್ರ ಹೊಸದಾಗಿ ಸೇರಿಸಿದಳು. ಬೆಳಿಗ್ಗೆ ಹಂಚುವ ಮೊದಲೇ ಮೂರು ಚಮಚ ಮೊಸರನ್ನು ಬೇರೆ ಬಟ್ಟಲಿಗೆ ಹಾಕುತ್ತಿದ್ದಳು. “ಇದು ಯಾರಿಗಜ್ಜಿ?” ಎಂದರೆ, “ಇದು ಹೋದದ್ದು,” ಎನ್ನುತ್ತಿದ್ದಳು. ಯಾರಾದರೂ ವಾಪಸು ತರದ ದಿನ ಆ ಬಟ್ಟಲಿನ ಕಡೆ ಕೈ ತೋರಿಸಿ ಸುಮ್ಮನಾಗುತ್ತಿದ್ದಳು. ಎಲ್ಲರೂ ತಂದ ದಿನ ಅದು ಚೆನ್ನಾಜಮ್ಮನ ಮಕ್ಕಳಿಗೆ.

ದ್ಯಾವಮ್ಮ ಬರಲೇ ಇಲ್ಲ, ಕುಡಿಕೆಯೂ ಬರಲಿಲ್ಲ. ಕಾಳಾಚಾರಿ ಮುದುಕಿಗೆ ಒಂದು ಊರುಗೋಲು ಮಾಡಿಕೊಟ್ಟ. ಅದಕ್ಕೆ ಕೂಲಿಯನ್ನೂ ತೆಗೆದುಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಸುಲಿದ ಕಡಲೆಬೀಜವನ್ನು ಒಂದು ಹಿಡಿ ಶಿಷ್ಯನ ಕೈಗೆ ಹಾಕಿದರು.

ಕಾಳಾಚಾರಿಯ ಕೂಲಿ ನೆನೆದು ಶಿಷ್ಯನಿಗೆ ನಗು ಬಂತು. ಬಂದಾಗಿನಿಂದ ಅವನು ನಕ್ಕದ್ದು ಅದೇ ಮೊದಲು. “ಕತೆ ಚೆನ್ನಾಗಿದೆ, ಬುದ್ಧೀ. ಆದರೆ ನನ್ನ ಮನೆಯಲ್ಲಿ ಗಿಣಿ ಇಲ್ಲವಲ್ಲ.”

“ಇದೆಯಲ್ಲಪ್ಪ,” ಎಂದರು ಗುರುಗಳು, “ನೀನು ಬಂದ ಕೂಡಲೇ ನಾಲ್ಕು ಹೆಸರು ಕೂಗಿತು, ತಂಗಿಯ ಹೆಸರು ಮಾತ್ರ ಅದರ ಬಾಯಲ್ಲಿ ಬರಲಿಲ್ಲ.”